ಎಂಜಿನ್ ತಿಂದ ಭಂಡಾರ

ಆ ವರ್ಷ ದಸರಾ ಮುಗಿದ ಮೇಲೆ ನಮ್ಮ ಗ್ಯಾರೇಜಿನಿಂದ ಹೋದ ಕಾರುಗಳು ಒಂದರ ಹಿಂದೆ ಒಂದು ಫ್ಲೈಓವರ್ ಏರುವಾಗ ಉಸಿರುಗಟ್ಟಿ ನಿಂತದ್ದಕ್ಕೆ ಕಾರಣ ಕಲಬೆರಕೆ ಪೆಟ್ರೋಲ್ ಅಲ್ಲ. ಡೂಪ್ಲಿಕೇಟ್ ಸಾಮಾನೂ ಅಲ್ಲ. ಸದಾನಂದನಂತೂ ಅಲ್ಲವೇ ಅಲ್ಲ. ಕಾರಣ ಅರಿಸಿನ ಪುಡಿ. ಇಷ್ಟೇ ವಿಷಯ. ಇಷ್ಟಕ್ಕೆ ಒಬ್ಬ ಮನುಷ್ಯನ ಕೆಲಸವೂ ಅವನ ಹೆಂಡತಿ ಮಗಳ ತಲೆಯ ಮೇಲಿನ ಸೂರೂ ಹೋಗುವುದರಲ್ಲಿತ್ತು.

ನಾನು ಘಾಟ್ಕೋಪರಿನ ಒಂದು ಗ್ಯಾರೇಜಿನಲ್ಲಿ ಎಂಜಿನ್ ಸಾಮಾನು ತೊಳೆಯುತ್ತಿದ್ದವಳು. ಈಗ ಮೊಣಕಾಲು ಮಾತು ಕೇಳುವುದಿಲ್ಲವಾದ್ದರಿಂದ ಮನೆಯಲ್ಲಿದ್ದೇನೆ. ಮೊಮ್ಮಗಳು ಮೋಟಾರು ರಿಪೇರಿ ಕಲಿಯುವ ಕೋರ್ಸಿಗೆ ಸೇರಿದ್ದಾಳೆ. "ಅಜ್ಜಿ, ನಿನ್ನ ಎಕ್ಸ್‌ಪೀರಿಯನ್ಸ್ ಲಿಖ್ ಡಾಲೋ" ಎಂದು ಬರೆಯಲು ಹಚ್ಚಿದವಳು ಅವಳೇ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಇದು ಅವಳಿಗಲ್ಲ. ನಮ್ಮ ಕಡೆಯಿಂದ ಬಂದು ಗ್ಯಾರೇಜು ಸೇರುವ ಉಳಿದವರಿಗೆ. ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಒತ್ತಕ್ಷರ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ, ಅವರಿಗೂ ಸ್ವಲ್ಪ ಕೆಲಸ ಬೇಕು.

ಬಡ್ತಿಯ ಮಾತು ಕೇಳಬೇಡಿ. ಮೊದಲು ನೆಲದ ಮೇಲೆ ಕೂತು ತೊಳೆಯುತ್ತಿದ್ದೆ, ಆಮೇಲೆ ಸ್ಟೂಲ್ ಕೊಟ್ಟರು. ಅದೇ ಬಡ್ತಿ.

ಗಂಡನ ಜೊತೆ ಇಂಡಿ ತಾಲೂಕಿನಿಂದ ಬಂದಾಗ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದೆ. ಅವನು ಸತ್ತ ಮೇಲೆ ಎತ್ತರಕ್ಕೆ ಹೊರುವುದು ಸಾಕೆನಿಸಿತು. ಗ್ಯಾರೇಜಿನ ಶೇಟ್‌ಗೆ ಕಸ ಗುಡಿಸುವವಳು ಬೇಕಿತ್ತು. ಗುಡಿಸುತ್ತ ಗುಡಿಸುತ್ತ ಸೀಮೆಎಣ್ಣೆಯ ತೊಟ್ಟಿಯ ಹತ್ತಿರ ಬಂದು ನಿಂತೆ. ಯಾರೋ ಕೈಗೆ ಬ್ರಷ್ ಕೊಟ್ಟರು. ಆ ಬ್ರಷ್ ಕೆಳಗಿಟ್ಟದ್ದು ಮೊನ್ನೆ ಮೊನ್ನೆ.

ಆಗೆಲ್ಲ ಕಾರ್ಬೋರೇಟರ್ ಕಾಲ. ಈಗಿನವರಿಗೆ ಹೇಳಬೇಕೆಂದರೆ, ಗಾಳಿಯೂ ಪೆಟ್ರೋಲೂ ಸೇರುವ ಒಂದು ಹಿತ್ತಾಳೆ ಅಲ್ಯೂಮಿನಿಯಮ್ಮಿನ ಗಡಿಗೆ. ಅದರೊಳಗೆ ಸೂಜಿ, ತೂತು, ತಿರುಪು. ತಿರುಪು ಒಂದಿಷ್ಟು ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆ, ಸಡಿಲ ಬಿಟ್ಟರೆ ಹೆಚ್ಚು. ಎಷ್ಟು ತಿರುಗಿಸಬೇಕು ಎನ್ನುವುದನ್ನು ತಿಳಿದವನು ನಮ್ಮ ಗ್ಯಾರೇಜಿನಲ್ಲಿ ಒಬ್ಬನೇ, ಗಣಪತ್ ಮಾಮಾ. ಹಿರಿಯ ಮಿಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ ಹಿಡಿಕೆಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಹೊಗೆ ಕೊಳವೆಯ ಹಿಂದೆ ಹೋಗಿ ಮೂಸಿ ನೋಡುತ್ತಿದ್ದ. "ಪೆಟ್ರೋಲ್ ಜಾಸ್ತಿ ಕುಡದೈತಿ" ಎಂದು ತೀರ್ಪು ಕೊಡುತ್ತಿದ್ದ. ಮಾಮಾ ಮತ್ತು ಶೇಟ್ ಇಬ್ಬರೂ ಮರಾಠಿಯವರು. ಅವರು ಆಡಿದ ಮರಾಠಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ನಮ್ಮೂರ ಕನ್ನಡವಾಗಿ ಬೀಳುತ್ತಿತ್ತು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮಾಮಾನ ತೀರ್ಪು ಬಹಳ ಸಲ ಸರಿಯಿರುತ್ತಿತ್ತು. ಸರಿಯಿಲ್ಲದಾಗ ಗಿರಾಕಿ ಕಾರು ಓಡಿಸುವ ರೀತಿ ಸರಿಯಿಲ್ಲ ಎಂದು ಇನ್ನೊಂದು ತೀರ್ಪು ಕೊಡುತ್ತಿದ್ದ. ಹಾಗಾಗಿ ಅವನು ಎಂದೂ ಸೋತವನಲ್ಲ.

ಮೊದಲ ಸಲ ಕಂಪ್ಯೂಟರ್ ಇರುವ ಕಾರು ಬಂದಾಗ ಮಾಮಾ ಬಾನೆಟ್ ತೆಗೆದು ತಿರುಪು ಹುಡುಕಿದ. ತಿರುಪಿರಲಿಲ್ಲ. ಇಡೀ ಬೆಳಿಗ್ಗೆ ಹುಡುಕಿದ. ಕಡೆಗೆ, ಎಂಜಿನ್ ಹೊಲಸಾಗಿದೆ, ಅದಕ್ಕೆ ಕಾಣುತ್ತಿಲ್ಲ ಎಂದು ಪ್ರೆಶರ್ ಪಂಪಿನಿಂದ ನೀರು ಹೊಡೆದ. ಆ ಕಾರಿನ ಕಂಪ್ಯೂಟರ್ ಬಾನೆಟ್ಟಿನ ಒಳಗೇ ಒಂದು ಡಬ್ಬಿಯಲ್ಲಿತ್ತು. ಡಬ್ಬಿಗೆ ನೀರು ಹೊಕ್ಕು ಕಾರು ಸತ್ತಿತು. ಮಾಮಾ ಡಬ್ಬಿ ಬಿಚ್ಚಿ, ನೀರು ಸುರಿದು, ಒಳಗಿನ ಹಸಿರು ಹಲಗೆಯನ್ನು ಟೆರೇಸಿನ ಮೇಲೆ ಶೇಟ್ ಹೆಂಡತಿ ವಹಿನಿ ಒಣಗಲು ಹಾಕಿದ್ದ ಹಪ್ಪಳದ ಪಕ್ಕ ಇಟ್ಟು ಬಂದ. ವಹಿನಿ ಮಧ್ಯಾಹ್ನ ಹಪ್ಪಳ ಮಗುಚುವಾಗ ಅದನ್ನೂ ಮಗುಚಿದಳು. ಸಂಜೆ ತಂದು ಹಾಕಿದರೆ ಕಾರು ಶುರುವಾಯಿತು! ಅದರಿಂದ ಆದ ನಷ್ಟ ಒಂದೇ, ಮಾಮಾ ಏನೂ ಕಲಿಯಲಿಲ್ಲ.

ಅಂಥ ಕಾರುಗಳು ಹೆಚ್ಚಾದ ಮೇಲೆ ಶೇಟ್ ಬೇರೆ ದಾರಿಯಿಲ್ಲದೆ ಸದಾನಂದನನ್ನು ತಂದ. ಉಡುಪಿಯ ಕಡೆಯವನು. ಅವನ ಅಪ್ಪ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಅಡಿಗೆ ಭಟ್ಟ. ಇವನು ಎಳೆತನದಲ್ಲಿ ಆ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಎಲೆಕ್ಟ್ರಿಷಿಯನ್ ಕೆಲಸ ಕಲಿತು, ಕೈಯಲ್ಲೊಂದು ಸ್ಕ್ಯಾನರ್ ಹಿಡಿದು ಬಂದ. ಸ್ಕ್ಯಾನರ್ ಎಂದರೆ ಕಾರಿನ ಕಂಪ್ಯೂಟರಿಗೆ ವೈರ್ ಸಿಕ್ಕಿಸಿ ಅದರ ದೂರು ಕೇಳುವ ಯಂತ್ರ. ಶೇಟ್ ಗ್ಯಾರೇಜಿನ ಮೇಲಿನ ಖೋಲಿಯನ್ನು ಅವನಿಗೆ ಕೊಟ್ಟ. ಹೆಂಡತಿ ವನಜಾ ಮತ್ತು ಮಗಳು ಅಲ್ಲಿಗೇ ಬಂದರು. ಖೋಲಿ ಕೆಲಸಕ್ಕೆ ಅಂಟಿದ್ದು. ಕೆಲಸ ಹೋದರೆ ಖೋಲಿಯೂ ಹೋಯಿತು.

ಮಾಮಾ ಮೊದಲ ದಿನವೇ ಅವನಿಗೆ ಡಾಕ್ಟರ್ ಎಂದು ಹೆಸರಿಟ್ಟ. ಮರ್ಯಾದೆಗಲ್ಲ. "ಯಾಕೋ ಡಾಕ್ಟರ, ಕೈ ಮುಟ್ಟಲಾರದ ರೋಗ ಹೇಳ್ತೀಯಲ್ಲ, ಫೋನಿನ್ಯಾಗ ಔಷಧ ಕೊಟ್ಟಬಿಡು, ಗಾಡಿ ಯಾಕ ತರಬೇಕು ಅವರು?"

ಸದಾನಂದ ಜಗಳಕ್ಕೆ ಹೋಗುವವನಲ್ಲ. ನನ್ನ ಪಕ್ಕ ಕೂತು ಚಹಾ ಕುಡಿಯುವಾಗ ಒಮ್ಮೆ ಕೇಳಿದೆ.

"ತಮ್ಮಾ, ಆ ಕಂಪ್ಯೂಟರಕ್ಕ ಕಿವಿ ಇಲ್ಲ, ಮೂಗಿಲ್ಲ. ಪೆಟ್ರೋಲ್ ಎಷ್ಟು ಬಿಡಬೇಕಂತ ಅದಕ್ಕ ಹ್ಯಾಂಗ ತಿಳೀತೈತಿ?"

"ಅಕ್ಕ, ಇದು ಉಂಟಲ್ಲ, ನಮ್ಮ ಹೋಟೆಲಿನ ಹಾಗೆಯೇ" ಎಂದ. "ಅಡಿಗೆಯವನು ಒಳಗೆ ಇರ್ತಾನೆ. ಹೊರಗೆ ಎಷ್ಟು ಜನ ಬಂದಿದ್ದಾರೆ ಅಂತ ಅವನಿಗೆ ಕಾಣುವುದಿಲ್ಲ. ಬಾಗಿಲಲ್ಲಿ ಒಬ್ಬ ನಿಂತು ಕೂಗಿ ಹೇಳಬೇಕು. ಎಂಜಿನ್ನಿಗೆ ಅನ್ನ ಅಂದ್ರೆ ಗಾಳಿ, ಸಾಂಬಾರು ಅಂದ್ರೆ ಪೆಟ್ರೋಲ್. ಇಷ್ಟು ಅನ್ನಕ್ಕೆ ಇಷ್ಟು ಸಾಂಬಾರು ಅಂತ ಲೆಕ್ಕ. ಗಾಳಿ ಒಳಗೆ ಬರುವ ಬಾಗಿಲಲ್ಲಿ ಒಂದು ಸಪೂರ ತಂತಿ ಉಂಟು. ಕೂದಲಿನ ಹಾಗೆ. ಅದನ್ನು ಕರೆಂಟಿನಲ್ಲಿ ಬಿಸಿ ಮಾಡಿ ಇಡ್ತಾರೆ. ಗಾಳಿ ಬಂದ್ರೆ ತಣ್ಣಗಾಗ್ತದೆ ಅಲ್ವಾ? ಮತ್ತೆ ಬಿಸಿ ಮಾಡ್ಲಿಕ್ಕೆ ಎಷ್ಟು ಕರೆಂಟ್ ಬೇಕಾಯ್ತು ಅಂತ ನೋಡಿ ಇಷ್ಟು ಗಾಳಿ ಬಂತು ಅಂತ ಕಂಪ್ಯೂಟರ್ ತಿಳ್ಕೊಳ್ತದೆ."

"ಬಾಗಿಲಾಗಿನಾಂವ ಸುಳ್ಳ ಹೇಳಿದ್ರ?"

"ಅದಕ್ಕೇ ಹಿಂದೆ ಇನ್ನೊಬ್ಬ ಇದ್ದಾನೆ. ತಟ್ಟೆ ತೊಳೆಯುವವನು. ಹೊಗೆ ಹೋಗುವ ಕೊಳವೆಯಲ್ಲಿ ಕೂತಿರ್ತಾನೆ, ಆಕ್ಸಿಜನ್ ಸೆನ್ಸರ್ ಅಂತ. ತಟ್ಟೆಯಲ್ಲಿ ಎಂತ ಉಳಿದಿದೆ ಅಂತ ನೋಡುವುದೇ ಅವನ ಕೆಲಸ. ಅನ್ನ ಉಳಿದ್ರೆ..."

"ಸಾಂಬಾರ ಕಮ್ಮಿ ಬಿತ್ತು ಅಂತ."

"ಹಾಂ. ಅನ್ನ ಕಾಣ್ಲಿಲ್ಲ, ಸಾಂಬಾರೇ ಉಳಿದಿದೆ ಅಂದ್ರೆ ಜಾಸ್ತಿ ಬಿತ್ತು. ಅವನು ಹೇಳಿದ ಹಾಗೆ ಅಡಿಗೆಯವನು ಸೌಟು ದೊಡ್ಡದು ಸಣ್ಣದು ಮಾಡ್ತಾ ಇರ್ತಾನೆ. ನಾವು ಗಾಡಿ ಓಡಿಸುವಷ್ಟು ಹೊತ್ತೂ ಇದೇ ನಡೆಯುವುದು."

ಇನ್ನೂ ಇದ್ದಾರೆ ಎಂದ. ಎಂಜಿನ್ ತಣ್ಣಗಿದೆಯೋ ಕಾದಿದೆಯೋ ಎಂದು ಹೇಳುವವನೊಬ್ಬ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೆ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕಂತೆ. ಕಾಲಿನ ಪೆಡಲ್ ಎಷ್ಟು ಒತ್ತಿದೆವು ಎಂದು ಹೇಳುವವನೊಬ್ಬ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎನ್ನುವವನೊಬ್ಬ. ಎಲ್ಲ ಕಾರಿನಲ್ಲಿ ಆ ಬಿಸಿ ತಂತಿ ಇರುವುದಿಲ್ಲ, ಕೆಲವದರಲ್ಲಿ ಗಾಳಿಯ ಒತ್ತಡ ನೋಡಿ ಲೆಕ್ಕ ಹಾಕುವ ಬೇರೆ ಸೆನ್ಸರ್ ಇರುತ್ತದೆ. ಇದನ್ನು ನೆನಪಿಡಿ, ಮುಂದೆ ಇದೇ ಸದಾನಂದನ ಕುತ್ತಿಗೆಗೆ ಬಂತು.

"ಇಷ್ಟು ಮಂದಿ ಕೂಡಿ ಮಾಡೂ ಕೆಲಸ ಮಾಮಾ ಒಬ್ಬನ ಮಾಡ್ತಿದ್ದ ನೋಡು" ಎಂದೆ.

"ಮಾಮಾ ಗಾಡಿ ನಿಂತಿರುವಾಗ ಮಾಡ್ತಿದ್ರು ಅಕ್ಕ. ಇವರು ಓಡುವಾಗ ಮಾಡ್ತಾರೆ."

ಈಗ ದಸರಾಕ್ಕೆ ಬರೋಣ. ನಮ್ಮ ಶೇಟ್ ಮನೆದೇವರು ಖಂಡೋಬಾ. ನಮ್ಮ ಕಡೆ ಅದೇ ದೇವರಿಗೆ ಮೈಲಾರಲಿಂಗ ಎನ್ನುತ್ತೇವೆ. ಅವರು "ಯೇಳಕೋಟ" ಎನ್ನುವಾಗ ನಾವು "ಏಳುಕೋಟಿ" ಎನ್ನುತ್ತೇವೆ, ಭಂಡಾರ ಇಬ್ಬರದೂ ಒಂದೇ. ಭಂಡಾರವೆಂದರೆ ಪೂಜೆಯ ಅರಿಸಿನ ಪುಡಿ. ದಸರಾ ದಿನ ಗ್ಯಾರೇಜಿನಲ್ಲಿ ಪಾನಾಗಳಿಗೆ, ಎಂದರೆ ಸ್ಪ್ಯಾನರುಗಳಿಗೆ ಕುಂಕುಮ, ಜ್ಯಾಕಿಗೆ ಚೆಂಡುಹೂ, ಟೈರಿನ ಕೆಳಗೆ ನಿಂಬೆಹಣ್ಣು. ಇದು ಮುಂಬಯಿಯ ಎಲ್ಲ ಗ್ಯಾರೇಜಿನಲ್ಲೂ ಇರುವುದೇ. ನಮ್ಮಲ್ಲಿ ಇನ್ನೊಂದು ಹೆಚ್ಚಿಗೆ ಇತ್ತು. ಎಂಜಿನ್ ಶುರು ಮಾಡಿ, ಗಾಳಿ ಎಳೆಯುವ ಬಾಯಿಯ ಮುಚ್ಚಳ ತೆಗೆದು, ಮಾಮಾ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ವಹಿನಿ ಒಂದು ಮುಷ್ಟಿ ಭಂಡಾರ ಒಳಗೆ ಹಾಕುತ್ತಿದ್ದಳು. ಎಂಜಿನ್ ಅದನ್ನು ಸರಕ್ಕನೆ ಎಳೆದುಕೊಂಡು ಒಮ್ಮೆ ಕೆಮ್ಮಿ ಮತ್ತೆ ನಡೆಯುತ್ತಿತ್ತು. "ಎಂಜಿನ್ ಪ್ರಸಾದ ತಿಂತು" ಎಂದು ಎಲ್ಲರೂ ಕೈಮುಗಿಯುತ್ತಿದ್ದರು. ಗಿರಾಕಿಗಳು ಇದಕ್ಕಾಗಿಯೇ ದಸರಾಕ್ಕೆ ಕಾರು ತಂದು ಸಾಲಾಗಿ ನಿಲ್ಲಿಸುತ್ತಿದ್ದರು. ಕಾರ್ಬೋರೇಟರ್ ಕಾಲದಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲ. ಆ ಎಂಜಿನ್ನುಗಳು ಮುಂಬಯಿಯ ರಸ್ತೆ ಧೂಳನ್ನೇ ತಿಂದು ಬೆಳೆದವು, ಅರಿಸಿನ ಅವುಗಳಿಗೆ ಯಾವ ಲೆಕ್ಕ?

ಹೊಸ ಕಾರುಗಳು ಬಂದ ಮೇಲೆ ಒಂದಷ್ಟು ವರ್ಷ ಭಂಡಾರ ಮುಚ್ಚಳದ ಮೇಲೆಯೇ ಬೀಳುತ್ತಿತ್ತು. ಮುಚ್ಚಳ ತೆಗೆಯುವುದು ಹೇಗೆಂದು ಮಾಮಾನಿಗೆ ಗೊತ್ತಿರಲಿಲ್ಲ. ಆ ವರ್ಷ ಗೊತ್ತಾಯಿತು. ಅಷ್ಟು ಹೊತ್ತಿಗೆ ಸದಾನಂದ ತೆಗೆಯುವುದನ್ನು ನೋಡಿ ನೋಡಿ ಕಲಿತಿದ್ದ. ಪ್ರಸಾದ ಮುಚ್ಚಳದ ಮೇಲೆ ಬಿದ್ದರೆ ಏನು ಬಂತು, ಎಂಜಿನ್ನಿನ ಹೊಟ್ಟೆಗೆ ಹೋಗಬೇಕು ಎಂದು ಮುಚ್ಚಳಗಳನ್ನೂ ಒಳಗಿನ ಕಾಗದದ ಫಿಲ್ಟರನ್ನೂ ತೆಗೆದಿಟ್ಟ. ಸಾಲದ್ದಕ್ಕೆ ಹಳೆಯ ಕಾಲದ ಪದ್ಧತಿಯಂತೆ ಧೂಳು ಹಿಡಿಯಲೆಂದು ಫಿಲ್ಟರಿಗೆ ದೇವರ ದೀಪದ ಎಣ್ಣೆ ಸವರಿ, ಪೂಜೆ ಮುಗಿದ ಮೇಲೆ ಮತ್ತೆ ಒಳಗೆ ಕೂರಿಸಿದ. ಸದಾನಂದ ಅಂದು ತನ್ನ ಮಗಳನ್ನು ಕರೆದುಕೊಂಡು ಪಾರ್ಲೆಗೆ, ಅಪ್ಪನ ಹೋಟೆಲಿನ ಪೂಜೆಗೆ ಹೋಗಿದ್ದ.

ವಾರ ಕಳೆಯುವುದರೊಳಗೆ ಡಿಸೋಜಾ ಬಂದ. ಪಾರ್ಲೆಯಿಂದ ಏರ್‌ಪೋರ್ಟಿಗೆ ಜನರನ್ನು ಬಿಡುವ ಕಾರು ಅವನದು. ಇಳಿದವನೇ ಟೋಪಿ ತೆಗೆದು ನನ್ನ ಸ್ಟೂಲಿನ ಮೇಲೆ ಎಸೆದ. ಮೌಶಿ, ಎಂದರೆ ಚಿಕ್ಕಮ್ಮ, ಎಂದೇ ಅವನು ನನ್ನನ್ನು ಕರೆಯುತ್ತಿದ್ದುದು.

"ಫ್ಲೈಓವರ್ ಮೇಲೆ ಗಾಡಿ ಬಂದ್! ಪ್ಯಾಸೆಂಜರ್ ಬ್ಯಾಗ್ ಎತ್ಕೊಂಡು ಓಡಿದ. ಹಿಂದೆ ಬಸ್‌ವಾಲಾ ನನ್ನ ತಾಯಿಯನ್ನ ನೆನೆದ. ಪಿಕಪ್ಪೇ ಇಲ್ಲ, ಮೌಶಿ, ಕಾಲು ಒತ್ತಿದರೆ ಅಳ್ತದೆ!"

ಡ್ಯಾಶ್‌ಬೋರ್ಡಿನ ಮೇಲೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತ್ತು. ಸದಾನಂದ ಸ್ಕ್ಯಾನರ್ ಸಿಕ್ಕಿಸಿದ. ಪೆಟ್ರೋಲ್ ಸಾಲುತ್ತಿಲ್ಲ ಎಂದು ಹಿಂದಿನ ಆಕ್ಸಿಜನ್ ಸೆನ್ಸರ್ ದೂರು ಕೊಡುತ್ತಿದೆ ಎಂದು ಅದರಲ್ಲಿ ಬಂತು. ಕಾರು ಹಳೆಯದು, ಸೆನ್ಸರಿಗೂ ವಯಸ್ಸಾಗಿರಬೇಕು ಎಂದು ಅದನ್ನೇ ಬದಲಿಸಿದ. ದೀಪ ಆರಿತು. ಡಿಸೋಜಾ ಟೋಪಿ ಹಾಕಿಕೊಂಡು ಹೋದ. ಎರಡು ದಿನಕ್ಕೆ ಮತ್ತೆ ಬಂದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಬಾಂದ್ರಾದ ಒಬ್ಬ ಹೋಟೆಲ್ ಮಾಲೀಕರು. ಎಲ್ಲರದೂ ಒಂದೇ ದೀಪ, ಒಂದೇ ಅಳು.

ಸದಾನಂದ ಮಾಡಿದ ತಪ್ಪು ಏನೆಂದು ಈಗ ಗೊತ್ತು. ತಟ್ಟೆ ತೊಳೆಯುವವನು ಸಾಂಬಾರು ಸಾಲುತ್ತಿಲ್ಲ ಎಂದು ಕೂಗುತ್ತಿದ್ದ. ಇವನು ಅವನನ್ನೇ ಕೆಲಸದಿಂದ ತೆಗೆದು ಇನ್ನೊಬ್ಬನನ್ನು ಇಟ್ಟ. ಹೊಸಬನೂ ಬಂದು ತಟ್ಟೆ ನೋಡಿ ಅದನ್ನೇ ಕೂಗಿದ. ಮಧ್ಯದ ಎರಡು ದಿನ ದೀಪ ಆರಿದ್ದು, ಸೆನ್ಸರ್ ಬದಲಿಸಲು ಬ್ಯಾಟರಿ ಬಿಚ್ಚಿದಾಗ ಕಂಪ್ಯೂಟರ್ ಹಳೆಯದನ್ನು ಮರೆತು ಮೊದಲಿನಿಂದ ಕಲಿಯಲು ಹೊರಟಿದ್ದರಿಂದ. ಗ್ಯಾರೇಜು ಸೇರುವವರು ಇದೊಂದನ್ನು ಕಲಿತರೆ ಸಾಕು. ದೂರು ಹೇಳಿದವನನ್ನು ಬದಲಿಸುವ ಮೊದಲು ಅವನು ಹೇಳಿದ್ದೇನೆಂದು ಕೇಳಿ. ಶೇಟ್‌ಗಳೂ ಕಲಿಯಬಹುದು, ಕಲಿಯುವುದಿಲ್ಲ.

ಶೇಟ್ ಸದಾನಂದನನ್ನು ಎಲ್ಲರ ಎದುರಿಗೆ ಕರೆದ.

"ಹೊಸ ಸೆನ್ಸರ್ ಹಾಕಿದಿ. ಮತ್ತ ಅದೇ ದೀಪ. ಒರಿಜಿನಲ್ ಡಬ್ಬಿ ತೋರ್ಸಿ ಒಳಗ ಡೂಪ್ಲಿಕೇಟ್ ಹಾಕ್ತಿ ಏನು?"

"ಇಲ್ಲ ಶೇಟ್. ಸೆನ್ಸರ್ ಒಳ್ಳೇದೇ."

"ಸೆನ್ಸರ್ ಒಳ್ಳೇದು. ಕಂಪ್ಯೂಟರ್ ಒಳ್ಳೇದು. ನೀನೂ ಒಳ್ಳೆಯವ. ಹಂಗಾರ ಗಾಡಿ ಯಾಕ ನಿಂತಾವು?"

ಮಾಮಾ ಪಾನಾ ಒರೆಸುತ್ತ ನಡುವೆ ಬಾಯಿ ಹಾಕಿದ. "ನಾ ಕೈ ಹಾಕಿದ ಗಾಡಿ ಒಂದೂ ವಾಪಸ್ ಬಂದಿಲ್ಲ ಬಿಡ್ರಿ." ಅದು ನಿಜವೂ ಆಗಿತ್ತು. ಮಾಮಾ ಕೈ ಹಾಕುತ್ತಿದ್ದದ್ದು ಆ ಬಿಸಿ ತಂತಿ ಇಲ್ಲದ ಕಾರುಗಳಿಗೆ. ಅವೂ ಭಂಡಾರ ತಿಂದಿದ್ದವು, ಅವುಗಳಿಗೆ ಏನೂ ಆಗಿರಲಿಲ್ಲ. ನಿಂತವು ಬರೀ ಸದಾನಂದನ ಪಾಲಿನವು. ನೋಡಿದವರಿಗೆ ಇನ್ನೇನು ಅನಿಸಬೇಕು?

"ಶನಿವಾರದೊಳಗ ಕಾರಣ ಹೇಳು" ಎಂದ ಶೇಟ್. "ಇಲ್ಲಾಂದ್ರ ಭಾನುವಾರ ಖೋಲಿ ಖಾಲಿ ಮಾಡು."

ಅಂದಿನಿಂದ ಮೇಲಿನ ಖೋಲಿಯಲ್ಲಿ ಪಾತ್ರೆಗಳ ಸದ್ದು ಬೇರೆಯಾಯಿತು. ಅಡಿಗೆಯ ಸದ್ದಲ್ಲ, ಒಂದರೊಳಗೊಂದು ಇಟ್ಟು ಕಟ್ಟುವ ಸದ್ದು. ವನಜಾ ಗಂಡನನ್ನು ಒಂದು ಮಾತೂ ಕೇಳದೆ ಗಂಟು ಕಟ್ಟುತ್ತಿದ್ದಳು. ಮಗಳ ಶಾಲೆ ನಮ್ಮ ಗಲ್ಲಿಯ ತುದಿಯಲ್ಲೇ ಇತ್ತು. ನಡುವರ್ಷದಲ್ಲಿ ಬೇರೆಡೆ ಯಾರು ಸೇರಿಸಿಕೊಳ್ಳುತ್ತಾರೆ ಎಂದು ನನ್ನ ಹತ್ತಿರ ಒಮ್ಮೆ ಕೇಳಿದಳು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಶೇಟ್ ಊಟಕ್ಕೆ ಹೋದಾಗ ಸದಾನಂದ ಮತ್ತೆ ಸ್ಕ್ಯಾನರ್ ಹಿಡಿದು ಕೂತ. ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸೇರಿಸುತ್ತಿದೆ ಎಂದು ಅದರಲ್ಲಿ ಕಾಣುತ್ತದೆ. ಸೇರಿಸಿ ಸೇರಿಸಿ ಇನ್ನು ಸೇರಿಸಲಾಗದು ಎನ್ನುವಲ್ಲಿಗೆ ಬಂದು ನಿಂತಿತ್ತು. ಆಗ ಅವನಿಗೆ ಹೊಳೆಯಿತು. ಹಿಂದಿನವನು ಸುಳ್ಳು ಹೇಳುತ್ತಿಲ್ಲ, ಮುಂದಿನವನು ಹೇಳುತ್ತಿದ್ದಾನೆ. ಗಾಳಿಯ ಬಾಯಿಯಿಂದ ತಂತಿಯ ಸೆನ್ಸರ್ ಬಿಚ್ಚಿ ಟಾರ್ಚ್ ಹಿಡಿದ. ನನ್ನನ್ನು ಕರೆದ.

ಕೂದಲಿನಂಥ ತಂತಿಯ ಮೇಲೆ ಹಳದಿ ಹೊರಪದರ. ಎಣ್ಣೆಯಲ್ಲಿ ಅಂಟಿ, ತಂತಿಯ ಬಿಸಿಗೆ ಬೆಂದು ಸೀದಿತ್ತು. ಕಂಬಳಿ ಹೊದ್ದವನಿಗೆ ಗಾಳಿ ತಿಳಿಯುವುದಿಲ್ಲ. ಎಷ್ಟೇ ಗಾಳಿ ಬಂದರೂ ಸ್ವಲ್ಪವೇ ಬಂತು ಎನ್ನುತ್ತಿತ್ತು, ಕಂಪ್ಯೂಟರ್ ಸ್ವಲ್ಪವೇ ಪೆಟ್ರೋಲ್ ಬಿಡುತ್ತಿತ್ತು. ಫ್ಲೈಓವರ್ ಏರುವಾಗ ಹೆಚ್ಚು ಬೇಕು, ಅಲ್ಲಿ ಉಪವಾಸ ಬಿದ್ದು ನಿಲ್ಲುತ್ತಿತ್ತು.

ನಾನು ಮೂಸಿ ನೋಡಿದೆ. "ಭಂಡಾರ" ಎಂದೆ.

ಸದಾನಂದ ತಲೆ ಆಡಿಸಿದ. ಖುಷಿಪಡುತ್ತಾನೆ ಎಂದುಕೊಂಡರೆ ಮುಖ ಇನ್ನೂ ಬಾಡಿತು.

"ಇದನ್ನು ಹೇಗೆ ಹೇಳುವುದು ಅಕ್ಕ? ಅವರ ದೇವರದ್ದು ಮಾರಾಯ್ರೆ. ಹಾಕಿದ್ದು ವಹಿನಿ. ಕದ್ದ ಅಂತ ಹೇಳಿದ್ರೆ ಬೇರೆ ಗ್ಯಾರೇಜಿನಲ್ಲಾದ್ರೂ ಕೆಲಸ ಸಿಗ್ತದೆ. ದೇವರ ಪ್ರಸಾದಕ್ಕೆ ಹೆಸರಿಟ್ಟ ಅಂದ್ರೆ ಘಾಟ್ಕೋಪರಿನಲ್ಲೇ ಸಿಗ್ಲಿಕ್ಕಿಲ್ಲ."

"ನಿಂಗ ಅವ ಪರದೇವರು. ನಂಗ ಮನೀದೇವರು" ಎಂದೆ. "ಕೊಡು ಇತ್ಲಾಗ."

ಸೆನ್ಸರನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಿನ ಬಿಲ್ಡಿಂಗಿನಲ್ಲಿದ್ದ ಶೇಟ್ ಮನೆಗೆ ಹೋದೆ. ಶೇಟ್ ಉಂಡು ಮಲಗಿದ್ದ. ವಹಿನಿ ಮೇಥಿ ಸೋಸುತ್ತಿದ್ದಳು. ಸೆರಗು ಬಿಚ್ಚಿ ಎದುರಿಗೆ ಇಟ್ಟೆ.

"ಏನ ಮೌಶಿ ಇದು?"

"ಗಾಡೀ ಮೂಗಿನ ಕೂದಲ. ಇದಕ್ಕ ನೀವು ಭಂಡಾರ ಹಚ್ಚೀರಿ. ಉಸರ ಆಡವಲ್ದು ಅದಕ್ಕ. ಆ ಗಾಡಿಗೋಳು ನಿಂತದ್ದು ಇದರಿಂದ, ಸದಾನಂದನಿಂದ ಅಲ್ಲ."

ನಾನು ಮಾತು ಸವರಿ ಹೇಳುವವಳಲ್ಲ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ವಹಿನಿ ಮೇಥಿಯ ಕಡ್ಡಿ ಕೆಳಗಿಟ್ಟು ಸೆನ್ಸರನ್ನು ಬೆಳಕಿಗೆ ಹಿಡಿದು ನೋಡಿದಳು.

"ಮತ್ತ ಮಾಮಾ ಯಾಕ ಮೂಗಿನ್ಯಾಗ ಹಾಕಸ್ತಾನು?" ಎಂದಳು. "ಭಂಡಾರ ಹಣೀಗೆ ಹಚ್ಚೂದು. ಮೂಗಿನ್ಯಾಗ ಯಾರರ ತುರುಕ್ತಾರೇನು? ನಾ ಬಂದ ವರ್ಷದಿಂದ ನೋಡಾಕ ಹತ್ತೇನಿ, ಅಂವ ಮುಚ್ಚಳಾ ತಗದು ನಿಂದರ್ತಾನ. ಮಿಸ್ತ್ರಿ ತಗದಾನಂದ್ರ ಎಂಜಿನ್ನಿಗೆ ಬೇಕಾಗಿರಬೇಕು ಅಂತ ನಾ ಹಾಕಿದೆ."

ಅವಳ ಕೈಯಿಂದ ಸೆನ್ಸರ್ ತೆಗೆದುಕೊಂಡು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡೆ.

ವಹಿನಿ ಗಂಡನನ್ನು ಎಬ್ಬಿಸಿದಳು, ಚಪ್ಪಲಿ ಮೆಟ್ಟಿದಳು, ಗ್ಯಾರೇಜಿಗೆ ಬಂದಳು. ಹಿಂದೆ ಬನಿಯನ್ನಿನಲ್ಲಿ ಶೇಟ್, ಅವನ ಹಿಂದೆ ನಾನು. ಮಾಮಾ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ.

"ಮಾಮಾ, ದಸರಾಕ್ಕ ಮುಚ್ಚಳಾ ಯಾಕ ತಗೀತಿ?"

ಮಾಮಾ ಭಕ್ರಿ ರೊಟ್ಟಿಯ ತುಂಡು ಕೈಯಲ್ಲೇ ಹಿಡಿದು ನೋಡಿದ. "ನೀವು ಹಾಕಾಕ ಬರ್ತೀರಲ್ಲ ವಹಿನಿ, ಅದಕ್ಕ."

"ನೀ ತಗೀತಿ ಅಂತ ನಾ ಹಾಕ್ತೀನಿ."

"ನೀವು ಹಾಕ್ತೀರಿ ಅಂತ ನಾ ತಗೀತೇನಿ! ದೇವರ ಕೆಲಸ. ಬ್ಯಾಡ ಅನ್ನಾಕ ನಾ ಯಾರು?"

ಆಮೇಲೆ ಶೇಟ್ ತಾನೇ ನೆನಪು ಮಾಡಿಕೊಂಡ. ವಹಿನಿ ಮದುವೆಯಾಗಿ ಬಂದ ಮೊದಲ ದಸರಾದಲ್ಲಿ ಮಾಮಾ ಒಂದು ಕಾರಿನ ಕಾರ್ಬೋರೇಟರ್ ಬಿಚ್ಚಿಕೊಂಡು ಕೂತಿದ್ದನಂತೆ. ಹೊಸ ಸೊಸೆ ಬಾನೆಟ್ಟಿನ ಮೇಲೆ ಎರಚಿದ ಭಂಡಾರ ಕೈತಪ್ಪಿ ತೆರೆದ ಬಾಯಿಗೆ ಬಿತ್ತಂತೆ. ಆ ಕಾರು ವರ್ಷವಿಡೀ ಕೈಕೊಡಲಿಲ್ಲವಂತೆ. ಮರುವರ್ಷ ಮಾಮಾ ತಾನಾಗಿಯೇ ಮುಚ್ಚಳ ತೆಗೆದಿಟ್ಟ. ಇವಳು ಹಾಕಿದಳು. ಹೀಗೆ ಇಬ್ಬರು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಒಂದು ಸಂಪ್ರದಾಯ ಎಬ್ಬಿಸಿದರು. ದೇವರಿಗೆ ಇದರಲ್ಲಿ ಏನೂ ಸಂಬಂಧವಿರಲಿಲ್ಲ.

ಶೇಟ್ ಕನ್ನಡಕ ಹಾಕಿ ತಂತಿ ನೋಡಿದ, ಮೂಸಿದ, ಮತ್ತೆ ನೋಡಿದ. ಸದಾನಂದನ ಕಡೆ ತಿರುಗಿ, "ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದ.

ಕ್ಷಮೆ ಕೇಳುವುದೆಂದರೆ ಶೇಟ್ ಭಾಷೆಯಲ್ಲಿ ಅದೇ. ಅದಕ್ಕಿಂತ ಹೆಚ್ಚಿಗೆ ನಾನು ಅಲ್ಲಿ ಕೇಳಿದ್ದಿಲ್ಲ.

ಸದಾನಂದ ಆ ತಂತಿಗಾಗಿಯೇ ಇರುವ ಸ್ಪ್ರೇ ತಂದು, ಕೈ ತಾಗಿಸದೆ ತೊಳೆದ. ಸೀಮೆಎಣ್ಣೆಯೂ ಬೇಡ, ಬ್ರಷ್ಷೂ ಬೇಡ ಎಂದ. ನನ್ನ ಕೈಗೆ ಕೊಡಲೇ ಇಲ್ಲ, ಸರಿಯೇ ಮಾಡಿದ. ಹೊಸ ಫಿಲ್ಟರ್ ಹಾಕಿ ಡಿಸೋಜಾನ ಕಾರು ಶುರು ಮಾಡಿ ರೇಸ್ ಕೊಟ್ಟಾಗ ಅದು ಅಳಲಿಲ್ಲ. ಮಾಮಾ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದ. "ಬರೋಬರಿ ಐತಿ" ಎಂದ. ಆಮೇಲೆ ಮೆಲ್ಲಗೆ ಸದಾನಂದನ ಹತ್ತಿರ ಹೋಗಿ, "ಡಾಕ್ಟರ, ಆ ತಂತಿ ಇನ್ನೊಮ್ಮೆ ತೋರ್ಸು" ಎಂದ. ಬಹಳ ಹೊತ್ತು ನೋಡಿದ. "ಇಷ್ಟ ಸಣ್ಣದನ್ನ ನಂಬಿ ಇಷ್ಟ ದೊಡ್ಡ ಗಾಡಿ ಓಡತೈತಿ" ಎಂದು ತಲೆ ಅಲ್ಲಾಡಿಸಿ ಉಳಿದ ಭಕ್ರಿ ತಿನ್ನಲು ಹೋದ. ಡಾಕ್ಟರ್ ಎನ್ನುವುದನ್ನು ಬಿಡಲಿಲ್ಲ, ಆದರೆ ಆಮೇಲೆ ಹೇಳುವಾಗ ದನಿ ಬೇರೆಯಿತ್ತು. ಮುಂದಿನ ದಸರಾಗಳಲ್ಲಿ ಭಂಡಾರ ಬಾನೆಟ್ಟಿನ ಹಣೆಗೆ ಮಾತ್ರ. ಸ್ಕ್ಯಾನರಿಗೆ ಚೆಂಡುಹೂವಿನ ಮಾಲೆ. ಪ್ರಸಾದ ಎಂಜಿನ್ ತಿನ್ನುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ವಹಿನಿ, "ಈಗಿನ ಎಂಜಿನ್‌ಗೋಳು ಡಯಟ್ ಮ್ಯಾಲ ಅದಾವ" ಎನ್ನುತ್ತಿದ್ದಳು.

ಆ ಸಂಜೆ ಶೇಟ್ ಗಿರಾಕಿಗಳಿಗೆ ಫೋನ್ ಹಚ್ಚಿದ. "ಈ ಸಲ ಪೆಟ್ರೋಲ್ ಭಾಳ ಖರಾಬ್ ಬಂದೈತಿ ನೋಡ್ರಿ. ಗಾಡಿ ತರ್ರಿ, ಫುಕಟ್ ಸಾಫ್ ಮಾಡಿ ಕೊಡ್ತೇವಿ." ಎಲ್ಲರಿಗೂ ಇದೇ ಮಾತು. ಎಲ್ಲರೂ ನಂಬಿದರು, ಎಲ್ಲರೂ ಶೇಟ್‌ನನ್ನು ಹೊಗಳಿದರು.

ಸದಾನಂದ ನನ್ನ ಪಕ್ಕ ಬಂದು ಕೂತ. "ಪೆಟ್ರೋಲಿಗೂ ಇದಕ್ಕೂ ಎಂತ ಸಂಬಂಧ ಅಕ್ಕ?"

"ಪೆಟ್ರೋಲಿಗೆ ಬಾಯಿಲ್ಲ. ಅದಕ್ಕ ಅದರ ಮ್ಯಾಲ ಹಾಕ್ಯಾರ. ನಿನ್ನ ಮ್ಯಾಲ ಹಾಕೂದ ಬಿಟ್ಟಾರಲ್ಲ, ಸುಮ್ಮನ ಇರು."

"ಖೋಲಿ ವಿಷಯ ಎಂತದೂ ಹೇಳ್ಲಿಲ್ಲ ಅವರು."

"ಹೇಳೂದಿಲ್ಲ."

"ಕೇಳಬೇಕಾ?"

"ಕೇಳಿದಿ ಅಂದ್ರ ಯೋಚನೆ ಮಾಡ್ತಾರ. ಶೇಟ್ ಯೋಚನೆ ಮಾಡೂ ಹಂಗ ಮಾಡಬ್ಯಾಡ."

ಅವನು ಹೂಂ ಎಂದ. ಆದರೂ ಮನೆಗೆ ಹೋಗುವಾಗ ಮೇಲೆ ನೋಡಿದೆ. ಖೋಲಿಯ ಕಿಟಕಿಯಲ್ಲಿ ಪರದೆ ಇರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಕಟ್ಟಿರಲಿಲ್ಲ. ಇರು ಎಂದು ಯಾರೂ ಹೇಳಿರಲಿಲ್ಲ, ಹೋಗು ಎಂದದ್ದನ್ನು ಯಾರೂ ವಾಪಸ್ ತೆಗೆದುಕೊಂಡಿರಲಿಲ್ಲ. ಹೇಳುವವರಿಲ್ಲದಿದ್ದರೆ ಒಳಗಿದ್ದವರಿಗೆ ತಿಳಿಯುವುದು ಹೇಗೆ?

ಮಾರನೇ ದಿನ ಬೆಳಿಗ್ಗೆ ನಾನು ಕಸಬರಿಗೆ ಹಿಡಿಯುವ ಮೊದಲು ಮೆಟ್ಟಿಲು ಹತ್ತಿದೆ. ವನಜಾ ಕಟ್ಟಿದ ಗಂಟುಗಳ ನಡುವೆ ಕೂತಿದ್ದಳು. ಮಗಳು ಶಾಲೆಯ ಬಟ್ಟೆ ಹಾಕಿಕೊಂಡು, ಹೋಗಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದಳು. "ಸಾಲೀಗೆ ನಡಿ" ಎಂದು ಅದನ್ನು ಇಳಿಸಿ ಕಳಿಸಿದೆ. ದೊಡ್ಡ ಗಂಟು ಬಿಚ್ಚಿದೆ. ಕುಕ್ಕರಿನೊಳಗೆ ಪಾತೇಲಿ, ಪಾತೇಲಿಯೊಳಗೆ ಚಹಾ ಪುಡಿಯ ಡಬ್ಬಿ. ತೆಗೆದು ಸ್ಟೋವಿನ ಪಕ್ಕ ಇಟ್ಟೆ.

"ಚಹಾ ಇಡು ತಂಗೀ. ಗಾಡಿ ಬರೂ ಹೊತ್ತಾತು, ನಿನ್ನ ಗಂಡಗ ಕೆಲಸ ಐತಿ."

ಅವಳು ನನ್ನ ಮುಖ ನೋಡಿದಳು. ಎದ್ದು ಸ್ಟೋವ್ ಹಚ್ಚಿದಳು. ಚಹಾ ಬಂತು. ಒಂದು ಗುಟುಕು ಕುಡಿದೆ. ಸಕ್ಕರೆ ಕಡಿಮೆ ಇತ್ತು. ಹೇಳಿದೆ. ಹಾಕಿದಳು.